ಆನ್‌ಲೈನ್ ಮತ್ತು ವರ್ಚುವಲ್ ಸಮಾಜ ವಿಜ್ಞಾನ ಪದವಿ ಕೋರ್ಸ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸಮಾಜಶಾಸ್ತ್ರ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಮನಶ್ಶಾಸ್ತ್ರ, ಮಾನವಶಾಸ್ತ್ರದಂಥ ವಿಷಯಗಳನ್ನು ಪದವಿ ಮಟ್ಟದಲ್ಲಿ ಅಂತರ್ಜಾಲದ ಮೂಲಕ ಓದಬೇಕೆಂದುಕೊಂಡವರು ಸೇರುವ ಮುಂಚೆ ಮತ್ತು ಸೇರಿದ ಹೊಸದರಲ್ಲಿ ಕೇಳುವ ಪ್ರಶ್ನೆಗಳು ಇವು. ನಿಯಮಗಳು ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಬದಲಾಗುತ್ತವೆ. ನಿಮ್ಮ ಸಂಸ್ಥೆಯ ಕೈಪಿಡಿಯನ್ನೇ ನೋಡಬೇಕಾದ ಕಡೆ ಹಾಗೆಂದೇ ಹೇಳಿದ್ದೇನೆ. ಉಳಿದದ್ದು ಇಂಥ ತರಗತಿಗಳನ್ನು ಹತ್ತಿರದಿಂದ ಕಂಡವರ ಅಭಿಪ್ರಾಯ.

ಆನ್‌ಲೈನ್, ವರ್ಚುವಲ್ ಎರಡೂ ಒಂದೇ ಅಲ್ಲವೇ?

ಮಾತಿನಲ್ಲಿ ಒಂದೇ. ಕೋರ್ಸ್ ಪಟ್ಟಿಯಲ್ಲಿ ಮಾತ್ರ ಹಲವು ವಿಶ್ವವಿದ್ಯಾಲಯಗಳು ಇವನ್ನು ಬೇರೆ ಬೇರೆ ಇಟ್ಟಿವೆ. ಆನ್‌ಲೈನ್ ಎಂದಿದ್ದರೆ ಸಾಮಾನ್ಯವಾಗಿ ಕ್ಲಾಸಿಗೆ ಇಂಥದೇ ಹೊತ್ತು ಎಂದಿರುವುದಿಲ್ಲ. ರೆಕಾರ್ಡ್ ಮಾಡಿದ ಪಾಠ, ಓದಬೇಕಾದ ಅಧ್ಯಾಯ, ಬರೆಯಬೇಕಾದ ಕೆಲಸ ಎಲ್ಲವೂ ಮೂಡಲ್, ಕ್ಯಾನ್ವಾಸ್‌ನಂಥ ಕಲಿಕಾ ತಾಣದಲ್ಲಿರುತ್ತವೆ. ವಾರದ ಗಡುವಿನೊಳಗೆ ನಿಮಗೆ ಬಿಡುವಾದಾಗ ಮುಗಿಸಬಹುದು. ವರ್ಚುವಲ್ ಎಂದಿದ್ದರೆ ವೇಳಾಪಟ್ಟಿ ಇರುತ್ತದೆ. ಇಂಥ ದಿನ, ಇಷ್ಟು ಗಂಟೆಗೆ ಎಲ್ಲರೂ ಜೂಮ್ ಅಥವಾ ಟೀಮ್ಸ್‌ನಲ್ಲಿ ಸೇರಬೇಕು, ಅಧ್ಯಾಪಕರು ಆಗಲೇ ಪಾಠ ಮಾಡುತ್ತಾರೆ, ಹಾಜರಿಯೂ ಉಂಟು.

ಮೂರನೆಯದು ಮಿಶ್ರ ಕೋರ್ಸ್. ಅಲ್ಲಿ ಅರ್ಧ ಲೈವ್ ನಡೆದರೆ ಉಳಿದರ್ಧವನ್ನು ನೀವೇ ಮಾಡಿಕೊಳ್ಳಬೇಕು. ಈ ಹೆಸರುಗಳ ಬಳಕೆ ಎಲ್ಲ ಕಡೆ ಒಂದೇ ರೀತಿ ಇಲ್ಲ. ನೋಂದಣಿಗೆ ಮುಂಚೆ ವೇಳಾಪಟ್ಟಿಯ ಕಾಲಂ ನೋಡಿ: ದಿನ ಮತ್ತು ಗಂಟೆ ಬರೆದಿದ್ದರೆ ನೀವು ಹಾಜರಿರಬೇಕು ಎಂದರ್ಥ.

ನನಗೆ ಯಾವುದು ಹೊಂದುತ್ತದೆ?

ಕೆಲಸದ ಪಾಳಿ ವಾರವಾರ ಬದಲಾಗುವವರಿಗೆ, ಚಿಕ್ಕ ಮಕ್ಕಳನ್ನೋ ವಯಸ್ಸಾದವರನ್ನೋ ನೋಡಿಕೊಳ್ಳುವವರಿಗೆ, ವಿಶ್ವವಿದ್ಯಾಲಯ ಇರುವ ದೇಶಕ್ಕಿಂತ ಹಲವು ಗಂಟೆ ಹಿಂದೆ ಮುಂದೆ ಇರುವವರಿಗೆ ಸಮಯದ ಕಟ್ಟಿಲ್ಲದ ಆನ್‌ಲೈನ್ ಕೋರ್ಸೇ ಸರಿ. ಹೊರಗಿನಿಂದ ಒಬ್ಬರು ಕಾಯುತ್ತಿದ್ದರೆ ಮಾತ್ರ ಓದಲು ಕೂರುವ ಸ್ವಭಾವ ನಿಮ್ಮದಾದರೆ ವರ್ಚುವಲ್ ತೆಗೆದುಕೊಳ್ಳಿ. ವಾರಕ್ಕೆರಡು ಸಲ ಮುಖ ತೋರಿಸಬೇಕು ಎಂಬುದೇ ಅನೇಕರನ್ನು ದಡ ಸೇರಿಸುತ್ತದೆ.

ವಿಷಯವನ್ನೂ ನೋಡಿಕೊಳ್ಳಿ. ರಾಜಕೀಯ ಸಿದ್ಧಾಂತ, ಸಮಾಜಶಾಸ್ತ್ರದ ಸಿದ್ಧಾಂತಗಳಂಥ ಪತ್ರಿಕೆಗಳು ಎದುರುಬದುರು ವಾದದಲ್ಲಿ ಬೆಳೆಯುತ್ತವೆ. ಇವನ್ನು ಲೈವ್ ಆಗಿ ಕಲಿಯುವುದು ಮೇಲು. ಅಂಕಿಅಂಶ ಶಾಸ್ತ್ರವನ್ನು ರೆಕಾರ್ಡಿಂಗ್‌ನಲ್ಲಿ ಕಲಿಯುವುದು ಬಹಳ ಮಂದಿಗೆ ಸುಲಭ, ಏಕೆಂದರೆ ಅರ್ಥವಾಗದ ಜಾಗದಲ್ಲಿ ನಿಲ್ಲಿಸಿ ಮತ್ತೆ ನೋಡಬಹುದು.

ವಾರಕ್ಕೆ ಎಷ್ಟು ಹೊತ್ತು ಮೀಸಲಿಡಬೇಕು?

ಅಂದಾಜಿನಲ್ಲಿ ಹೇಳುವ ಬದಲು ಕ್ರೆಡಿಟ್ ಲೆಕ್ಕದಿಂದ ಹೇಳುತ್ತೇನೆ. ಅಮೆರಿಕದ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ ಸುಮಾರು 15 ವಾರಗಳ ಸೆಮಿಸ್ಟರಿನಲ್ಲಿ ವಾರಕ್ಕೆ ಒಂದು ಗಂಟೆ ಪಾಠ, ಅದರ ಜೊತೆಗೆ ಎರಡು ಗಂಟೆ ಸ್ವಂತ ಓದು. ಮೂರು ಕ್ರೆಡಿಟ್‌ನ ಒಂದು ಕೋರ್ಸ್ ವಾರಕ್ಕೆ 9 ಗಂಟೆ ಕೇಳುತ್ತದೆ, ಇಡೀ ಸೆಮಿಸ್ಟರಿಗೆ 135 ಗಂಟೆ. ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ ವರ್ಷಕ್ಕೆ 60 ಕ್ರೆಡಿಟ್, ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆ ಕೆಲಸ. ಕೋರ್ಸ್ ಆನ್‌ಲೈನ್ ಆದ ಮಾತ್ರಕ್ಕೆ ಈ ಗಂಟೆಗಳು ಕಡಿಮೆಯಾಗುವುದಿಲ್ಲ. ಉಳಿಯುವುದು ಓಡಾಟದ ಹೊತ್ತು ಮಾತ್ರ.

ಸಮಾಜ ವಿಜ್ಞಾನದಲ್ಲಿ ಈ ಗಂಟೆಗಳ ದೊಡ್ಡ ಪಾಲು ಓದಿಗೇ ಹೋಗುತ್ತದೆ, ಅದೂ ನಿಧಾನದ ಓದು. ಒಂದು ಸಂಶೋಧನಾ ಲೇಖನದಲ್ಲಿ ಲೇಖಕರು ಯಾರ ವಾದಕ್ಕೆ ಎದುರು ನಿಂತಿದ್ದಾರೆ, ಯಾವ ಪುರಾವೆ ಇಟ್ಟಿದ್ದಾರೆ, ಎಲ್ಲಿ ಜಾರಿಕೊಂಡಿದ್ದಾರೆ ಎಂದು ಗುರುತು ಹಾಕಿಕೊಂಡು ಓದಲು ಮೊದಮೊದಲು ಎರಡು ಮೂರು ಗಂಟೆ ಬೇಕಾದರೂ ಬೇಕು. ಅದು ದಡ್ಡತನವಲ್ಲ, ಓದುವ ರೀತಿಯೇ ಹಾಗೆ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ವೇಗ ತಾನಾಗಿ ಬರುತ್ತದೆ.

ಎಂಟು ವಾರದ ಕೋರ್ಸ್ ತೆಗೆದುಕೊಂಡರೆ ಬೇಗ ಮುಗಿಯುತ್ತದಲ್ಲವೇ?

ಬೇಗ ಮುಗಿಯುತ್ತದೆ, ಕೆಲಸ ಅಷ್ಟೇ ಇರುತ್ತದೆ. ಮೇಲಿನ 135 ಗಂಟೆಯನ್ನು ಎಂಟರಿಂದ ಭಾಗಿಸಿ: ವಾರಕ್ಕೆ ಸುಮಾರು 17 ಗಂಟೆ. ಪೂರ್ಣಾವಧಿ ಕೆಲಸದಲ್ಲಿರುವವರು ಇಂಥ ಎರಡು ಕೋರ್ಸ್‌ಗಳನ್ನು ಒಟ್ಟಿಗೆ ತೆಗೆದುಕೊಳ್ಳಬೇಡಿ.

ಆನ್‌ಲೈನ್ ಎಂದರೆ ಸುಲಭವೇ? ಕಲಿಕೆ ತೆಳುವಾಗುವುದಿಲ್ಲವೇ?

ಈ ಎರಡು ಪ್ರಶ್ನೆಗಳು ಯಾವಾಗಲೂ ಜೋಡಿಯಾಗಿಯೇ ಬರುತ್ತವೆ. ಸುಲಭವಲ್ಲ ಎಂಬುದು ಗಂಟೆಯ ಲೆಕ್ಕದಲ್ಲೇ ಗೊತ್ತಾಯಿತು. ಕಲಿಕೆಯ ಬಗ್ಗೆ ಸಂಶೋಧನೆಗಳು ಏನು ಹೇಳಿವೆ ನೋಡೋಣ.

2010ರಲ್ಲಿ ಅಮೆರಿಕದ ಶಿಕ್ಷಣ ಇಲಾಖೆ ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಒಂದು ವರದಿ ತಂದಿತು. ಸರಾಸರಿಯಲ್ಲಿ ಆನ್‌ಲೈನ್‌ನಲ್ಲಿ ಕಲಿತವರ ಫಲಿತಾಂಶ ತರಗತಿಯಲ್ಲಿ ಕಲಿತವರಿಗಿಂತ ತುಸು ಮೇಲೇ ಇತ್ತು. ಆನ್‌ಲೈನ್ ಮತ್ತು ಮುಖಾಮುಖಿ ಎರಡನ್ನೂ ಬೆರೆಸಿದ ಕಡೆ ಲಾಭ ಇನ್ನೂ ಹೆಚ್ಚು. ಆದರೆ ಅಂಥ ಕೋರ್ಸ್‌ಗಳಲ್ಲಿ ವಿದ್ಯಾರ್ಥಿಗಳಿಗೆ ಹೆಚ್ಚು ಸಮಯ, ಹೆಚ್ಚು ಸಾಮಗ್ರಿ ಸಿಕ್ಕಿದ್ದೂ ಕಾರಣವಿರಬಹುದು ಎಂದು ವರದಿಯೇ ಎಚ್ಚರಿಸಿತ್ತು. 2017ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂ ಪತ್ರಿಕೆಯಲ್ಲಿ ಬಂದ ಅಧ್ಯಯನದ ಫಲಿತಾಂಶ ಬೇರೆಯೇ ಇತ್ತು. ಒಂದು ದೊಡ್ಡ ಖಾಸಗಿ ವಿಶ್ವವಿದ್ಯಾಲಯದಲ್ಲಿ ಒಂದೇ ಕೋರ್ಸನ್ನು ಎರಡೂ ರೀತಿಯಲ್ಲಿ ಕಲಿತವರನ್ನು ಹೋಲಿಸಿದಾಗ ಆನ್‌ಲೈನ್‌ನವರ ಅಂಕ ಕಡಿಮೆಯಾಗಿತ್ತು. ಅವರ ಮುಂದಿನ ಕೋರ್ಸ್‌ಗಳಲ್ಲೂ ಅದರ ನೆರಳು ಕಂಡಿತು. ಮೊದಲೇ ಕಡಿಮೆ ಅಂಕ ಇದ್ದವರಿಗೆ ಪೆಟ್ಟು ಜೋರು.

ಎರಡೂ ಒಟ್ಟಿಗೆ ಹೇಗೆ ನಿಜ? ಆನ್‌ಲೈನ್ ಆರಿಸಿಕೊಳ್ಳುವವರು ಯಾರು, ಕೋರ್ಸನ್ನು ಹೇಗೆ ಕಟ್ಟಿದ್ದಾರೆ, ಯಾರನ್ನು ಯಾರೊಂದಿಗೆ ಹೋಲಿಸಿದ್ದಾರೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ದುಡಿಯುತ್ತ ರಾತ್ರಿ ಓದುವವರನ್ನು, ಇಡೀ ದಿನ ಕ್ಯಾಂಪಸ್ಸಿನಲ್ಲಿರುವವರ ಜೊತೆ ನೇರ ಹೋಲಿಸಿದರೆ ಕೋರ್ಸಿನ ಗುಣ ಕಾಣುವುದಿಲ್ಲ, ಬದುಕಿನ ವ್ಯತ್ಯಾಸ ಕಾಣುತ್ತದೆ. ಸಂಶೋಧನಾ ವಿಧಾನದ ಪತ್ರಿಕೆಯಲ್ಲಿ ನೀವು ಕಲಿಯಲಿರುವುದು ಇದೇ ಬಗೆಯ ಅನುಮಾನವನ್ನು. ನಿಮಗೆ ಬೇಕಾದ ಮಟ್ಟಿಗೆ ಹೇಳುವುದಾದರೆ: ಹಿಂದಿನ ತರಗತಿಗಳಲ್ಲಿ ತೊಡಕಿದ್ದವರು ಮೊದಲ ಸೆಮಿಸ್ಟರಿನಲ್ಲಿ ಒಂದೇ ಕೋರ್ಸ್ ತೆಗೆದುಕೊಂಡು ನೋಡಿ, ಅದೂ ಸಾಧ್ಯವಾದರೆ ಲೈವ್ ಇರುವುದನ್ನು.

ಚರ್ಚೆಯಲ್ಲಿ ವಾರವಾರ ಬರೆಯಬೇಕಂತೆ. ಅದೇಕೆ? ಏನು ಬರೆಯಬೇಕು?

ಲೈವ್ ಕ್ಲಾಸ್ ಇಲ್ಲದ ಕೋರ್ಸಿಗೆ ಚರ್ಚಾಪುಟವೇ ತರಗತಿ. ಸಾಮಾನ್ಯವಾಗಿ ವಾರದ ಮಧ್ಯದೊಳಗೆ ನಿಮ್ಮದೊಂದು ಬರಹ ಹಾಕಬೇಕು, ವಾರಾಂತ್ಯದೊಳಗೆ ಇಬ್ಬರು ಸಹಪಾಠಿಗಳಿಗೆ ಉತ್ತರಿಸಬೇಕು. ಅಂಕದಲ್ಲಿ ಇದಕ್ಕೆ ಗಣನೀಯ ಪಾಲಿರುತ್ತದೆ. ಇದನ್ನು ಹಾಜರಿ ಪುಸ್ತಕದಂತೆ ಕಂಡವರು ನಷ್ಟ ಮಾಡಿಕೊಳ್ಳುತ್ತಾರೆ.

ಕ್ಯಾಂಪಸ್ ತರಗತಿಯಲ್ಲಿ ಅರವತ್ತು ಜನರಲ್ಲಿ ಮಾತಾಡುವವರು ಏಳೆಂಟು ಮಂದಿ. ಚರ್ಚಾಪುಟದಲ್ಲಿ ಎಲ್ಲರೂ ಮಾತಾಡಲೇಬೇಕು, ಯೋಚಿಸಿ ಮಾತಾಡಲು ಎಲ್ಲರಿಗೂ ಹೊತ್ತಿರುತ್ತದೆ. ತರಗತಿಯಲ್ಲಿ ಬಾಯಿ ಬಿಡದವರು ಇಲ್ಲಿ ಅತ್ಯಂತ ಗಟ್ಟಿ ವಾದ ಕಟ್ಟುವುದನ್ನು ನೋಡುವುದು ಈ ಬಗೆಯ ಬೋಧನೆಯ ನಿಜವಾದ ಸಂತೋಷ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ನಗರೀಕರಣದ ಬಗ್ಗೆ ಚರ್ಚೆ ಎಂದುಕೊಳ್ಳಿ. ಒಬ್ಬರು ಮಹಾನಗರದ ಹೊರವಲಯದಲ್ಲಿದ್ದಾರೆ, ಇನ್ನೊಬ್ಬರು ಜನ ಖಾಲಿಯಾಗುತ್ತಿರುವ ಹಳ್ಳಿಯಲ್ಲಿದ್ದಾರೆ, ಮತ್ತೊಬ್ಬರು ಬೇರೆ ದೇಶಕ್ಕೆ ವಲಸೆ ಹೋದವರು. ಅದೇ ಅಧ್ಯಾಯವನ್ನು ಈ ಮೂವರೂ ಓದಿ ಮೂರು ಬಗೆಯ ಸಾಕ್ಷ್ಯ ತರುತ್ತಾರೆ. ಒಂದೇ ಊರಿನ ಮಕ್ಕಳು ಕೂತ ಕೊಠಡಿಯಲ್ಲಿ ಇದು ಸಿಗುವುದು ಕಷ್ಟ. ಸಮಾಜ ವಿಜ್ಞಾನಕ್ಕೆ ಆನ್‌ಲೈನ್ ತರಗತಿ ಕೊಡುವ ದೊಡ್ಡ ಕೊಡುಗೆ ಇದು ಎಂದು ನಾನು ನಂಬುತ್ತೇನೆ.

ಹಾಗಾದರೆ ಏನು ಬರೆಯಬೇಕು? "ಲೇಖನ ಚೆನ್ನಾಗಿತ್ತು, ನಾನೂ ಒಪ್ಪುತ್ತೇನೆ" ಎಂಬಷ್ಟಕ್ಕೆ ಅಂಕ ಬರುವುದಿಲ್ಲ. ಓದಿನಿಂದ ಒಂದು ನಿರ್ದಿಷ್ಟ ವಾದ ಎತ್ತಿಕೊಳ್ಳಿ, ಪುಟಸಂಖ್ಯೆ ಕೊಡಿ, ನೀವು ಕಂಡ ಒಂದು ಸಂಗತಿಯನ್ನು ಪಕ್ಕದಲ್ಲಿಡಿ, ಎರಡೂ ಹೊಂದುತ್ತವೆಯೋ ಇಲ್ಲವೋ ಹೇಳಿ. ಹೊಂದದಿದ್ದರೆ ಇನ್ನೂ ಒಳ್ಳೆಯದು, ಚರ್ಚೆ ಅಲ್ಲಿಂದಲೇ ಶುರುವಾಗುತ್ತದೆ. ಸಹಪಾಠಿಗೆ ಉತ್ತರಿಸುವಾಗ ಒಂದು ಪ್ರಶ್ನೆ ಕೇಳಿ ಮುಗಿಸಿ. ಗಡುವಿನ ಕೊನೆಯ ಗಂಟೆಗೆ ಬರೆದದ್ದನ್ನು ಯಾರೂ ಓದುವುದಿಲ್ಲ. ಒಂದು ದಿನ ಮುಂಚೆ ಹಾಕಿದರೆ ಉತ್ತರ ಬರುತ್ತದೆ.

ಜಾತಿ, ಧರ್ಮ, ಜನಾಂಗ, ಲಿಂಗದ ವಿಷಯ ಬಂದಾಗ ಚರ್ಚೆ ಜಗಳವಾದರೆ?

ಈ ವಿಷಯಗಳು ಬಂದೇ ಬರುತ್ತವೆ, ಬರಬೇಕು ಕೂಡ. ಬರಹದಲ್ಲಿ ಮುಖ ಕಾಣದ ಕಾರಣ ಸಾದಾ ವಾಕ್ಯವೂ ಒರಟಾಗಿ ಕೇಳಿಸಬಹುದು. ವ್ಯಕ್ತಿಯನ್ನು ಬಿಟ್ಟು ವಾದಕ್ಕೆ ಉತ್ತರಿಸಿ. ನಿಮ್ಮ ಸ್ವಂತ ನೋವಿನ ಅನುಭವವನ್ನು ಹೇಳಲೇಬೇಕೆಂಬ ಒತ್ತಾಯ ಯಾರದ್ದೂ ಇರಬಾರದು. ಯಾವುದೋ ಸಮುದಾಯದ ಪರವಾಗಿ ಮಾತಾಡು ಎಂದು ಒಬ್ಬ ವಿದ್ಯಾರ್ಥಿಯನ್ನು ಕೇಳುವುದೂ ತಪ್ಪು. ಮಾತು ಮಿತಿ ಮೀರಿತು ಅನಿಸಿದರೆ ಅಲ್ಲೇ ಜಗ್ಗಾಡದೆ ಅಧ್ಯಾಪಕರಿಗೆ ನೇರವಾಗಿ ಬರೆಯಿರಿ. ಚರ್ಚೆಯ ಪುಟ ಹಾಗೆಯೇ ಉಳಿದಿರುತ್ತದೆ, ಅವರು ನೋಡಿ ಕ್ರಮ ತೆಗೆದುಕೊಳ್ಳಬಹುದು.

ಲೈವ್ ಕ್ಲಾಸಿನಲ್ಲಿ ಕ್ಯಾಮೆರಾ ಹಾಕಲೇಬೇಕೆ?

ಕೋರ್ಸಿನ ನಿಯಮ ನೋಡಿ. ಕಡ್ಡಾಯವಿಲ್ಲದ ಕಡೆಯೂ ಸಣ್ಣ ಗುಂಪಿನ ಚರ್ಚೆಯಲ್ಲಿ ಹಾಕಿದರೆ ಮಾತು ಸಲೀಸಾಗುತ್ತದೆ. ಮನೆಯ ಪರಿಸ್ಥಿತಿಯಿಂದ ಆಗದಿದ್ದರೆ ಮೊದಲ ವಾರವೇ ಅಧ್ಯಾಪಕರಿಗೆ ತಿಳಿಸಿ, ಕಾರಣವನ್ನು ವಿವರವಾಗಿ ಹೇಳಬೇಕಿಲ್ಲ.

ಲೈವ್ ಕ್ಲಾಸ್ ತಪ್ಪಿದರೆ ರೆಕಾರ್ಡಿಂಗ್ ಸಿಗುತ್ತದೆಯೇ?

ಉಪನ್ಯಾಸದ್ದು ಬಹುತೇಕ ಸಿಗುತ್ತದೆ. ಚರ್ಚೆಯ ಭಾಗವನ್ನು ವಿದ್ಯಾರ್ಥಿಗಳ ಖಾಸಗಿತನಕ್ಕಾಗಿ ಹಲವರು ರೆಕಾರ್ಡ್ ಮಾಡುವುದಿಲ್ಲ. ನೀವೇ ರೆಕಾರ್ಡ್ ಮಾಡಿ ಬೇರೆಯವರಿಗೆ ಹಂಚಬೇಡಿ.

ಗಣಿತ ಬರುವುದಿಲ್ಲ. ಅಂಕಿಅಂಶ ಶಾಸ್ತ್ರ ಕಡ್ಡಾಯವಂತೆ. ದೂರದಿಂದ ಕಲಿಯಲು ಆಗುತ್ತದೆಯೇ?

ಆಗುತ್ತದೆ. ಸಮಾಜ ವಿಜ್ಞಾನದ ಹೆಚ್ಚಿನ ಪದವಿಗಳಲ್ಲಿ ಕನಿಷ್ಠ ಒಂದು ಸಂಶೋಧನಾ ವಿಧಾನದ ಪತ್ರಿಕೆ ಇರುತ್ತದೆ, ಮನಶ್ಶಾಸ್ತ್ರ ಮತ್ತು ಅರ್ಥಶಾಸ್ತ್ರದಲ್ಲಿ ಒಂದಕ್ಕಿಂತ ಹೆಚ್ಚು. ಲೆಕ್ಕವನ್ನು ಕಂಪ್ಯೂಟರ್ ಮಾಡುತ್ತದೆ. ಆ ಲೆಕ್ಕ ಏನು ಹೇಳುತ್ತಿದೆ ಎಂದು ಕಂಡುಹಿಡಿಯುವುದು ನಿಮ್ಮ ಪಾಲಿನ ಕೆಲಸ.

ಒಂದು ಉದಾಹರಣೆ. 1973ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪ್ರವೇಶದಲ್ಲಿ ಅರ್ಜಿ ಹಾಕಿದ ಪುರುಷರಲ್ಲಿ ಸುಮಾರು ಶೇ. 44ರಷ್ಟು, ಮಹಿಳೆಯರಲ್ಲಿ ಸುಮಾರು ಶೇ. 35ರಷ್ಟು ಮಂದಿಗೆ ಸೀಟು ಸಿಕ್ಕಿತ್ತು. ನೋಡಿದ ಕೂಡಲೇ ತಾರತಮ್ಯ ಎನಿಸುತ್ತದೆ. ವಿಭಾಗವಾರು ಬಿಡಿಸಿ ನೋಡಿದಾಗ ಆ ಅಂತರ ಹೆಚ್ಚುಕಡಿಮೆ ಮಾಯವಾಯಿತು. ಮಹಿಳೆಯರು ಹೆಚ್ಚಾಗಿ ಅರ್ಜಿ ಹಾಕಿದ್ದು ಎಲ್ಲರಿಗೂ ಸೀಟು ದುರ್ಲಭವಾಗಿದ್ದ ವಿಭಾಗಗಳಿಗೆ. ಇಲ್ಲಿರುವ ಗಣಿತ ಭಾಗಾಕಾರ ಮಾತ್ರ. ಅದರಾಚೆಗೆ ಕೇಳಬೇಕಾದ ಪ್ರಶ್ನೆಯೇ, ಅಂದರೆ ಮಹಿಳೆಯರು ಆ ವಿಭಾಗಗಳ ಕಡೆಗೇ ಏಕೆ ಹೋದರು, ಶಾಲೆಯಲ್ಲಿ ಅವರನ್ನು ಯಾವ ವಿಷಯಗಳ ಕಡೆಗೆ ತಿರುಗಿಸಲಾಗಿತ್ತು ಎಂಬುದೇ, ಸಮಾಜ ವಿಜ್ಞಾನ. ಇಂಥ ಯೋಚನೆ ನಿಮಗೆ ಇಷ್ಟವಾದರೆ ಅಂಕಿಅಂಶಕ್ಕೆ ಹೆದರಬೇಕಾದ್ದಿಲ್ಲ.

ತಂತ್ರಾಂಶದ ಖರ್ಚನ್ನು ವಿಚಾರಿಸಿಕೊಳ್ಳಿ. ಎಸ್‌ಪಿಎಸ್‌ಎಸ್ 1968ರಿಂದ ಇರುವ ಹಳೆಯ ತಂತ್ರಾಂಶ, ಪರವಾನಗಿಗೆ ಹಣ ಕೊಡಬೇಕು. ಅನೇಕ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳಿಗೆ ದೂರದಿಂದಲೇ ಬಳಸಲು ವ್ಯವಸ್ಥೆ ಮಾಡಿಕೊಡುತ್ತವೆ. ಆರ್, ಜಮೋವಿ, ಜಾಸ್ಪ್ ಮೂರೂ ಉಚಿತ. ಹೊಸಬರಿಗೆ ಜಮೋವಿ ಸಲೀಸು. ಮುಂದೆ ಸಂಶೋಧನೆಗೆ ಹೋಗುವ ಆಸೆಯಿದ್ದರೆ ಆರ್ ಕಲಿತುಬಿಡಿ. ಅಂಕಿಅಂಶದ ತರಗತಿಯಲ್ಲಿ ಒಂದು ವಾರ ಹಿಂದೆ ಬಿದ್ದರೆ ಹಿಡಿಯುವುದು ಕಷ್ಟ, ಏಕೆಂದರೆ ಪ್ರತಿ ಪಾಠವೂ ಹಿಂದಿನದರ ಮೇಲೆ ನಿಂತಿರುತ್ತದೆ. ಅರ್ಥವಾಗದ ಪರದೆಯ ಸ್ಕ್ರೀನ್‌ಶಾಟ್ ತೆಗೆದು ಅದೇ ದಿನ ಕೇಳಿ.

ಕ್ಷೇತ್ರಕಾರ್ಯ ಇರುತ್ತದೆಯೇ? ಮನೆಯಲ್ಲಿ ಕೂತು ಸಮಾಜವನ್ನು ಹೇಗೆ ಅಧ್ಯಯನ ಮಾಡುವುದು?

ಮಾನವಶಾಸ್ತ್ರದಲ್ಲಿ ಕ್ಷೇತ್ರಕಾರ್ಯದ ಮಾತು ಬಂದರೆ ಮಲಿನೋವ್‌ಸ್ಕಿಯ ಹೆಸರು ಬರುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಅವರು ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಜನರ ನಡುವೆಯೇ ಇದ್ದು, ಅವರ ಭಾಷೆ ಕಲಿತು ಅಧ್ಯಯನ ಮಾಡಿದರು. ಆಗಿನಿಂದ ಕ್ಷೇತ್ರ ಎಂದರೆ ದೂರದ ಜಾಗ ಎಂಬ ಕಲ್ಪನೆ ಗಟ್ಟಿಯಾಯಿತು. ಆನ್‌ಲೈನ್ ವಿದ್ಯಾರ್ಥಿಯ ವಿಷಯದಲ್ಲಿ ಕ್ಷೇತ್ರ ಮನೆಬಾಗಿಲಲ್ಲೇ ಇದೆ. ನಿಮ್ಮ ಕೆಲಸದ ಜಾಗ, ಬಸ್ ನಿಲ್ದಾಣ, ಆಸ್ಪತ್ರೆಯ ಕಾಯುವ ಕೊಠಡಿ, ಕುಟುಂಬದ ವಾಟ್ಸ್‌ಆ್ಯಪ್ ಗುಂಪು, ಇವೆಲ್ಲ ಅಧ್ಯಯನಕ್ಕೆ ಒದಗುವ ಜಾಗಗಳೇ. ಒಂದು ಗಂಟೆ ಒಂದೇ ಕಡೆ ಕೂತು ಯಾರು ಯಾರ ಜೊತೆ ಮಾತಾಡುತ್ತಾರೆ, ಯಾರಿಗೆ ಯಾರು ಜಾಗ ಬಿಡುತ್ತಾರೆ ಎಂದು ಟಿಪ್ಪಣಿ ಮಾಡಿಕೊಳ್ಳುವುದು ಮೊದಲ ವರ್ಷದ ಸಾಮಾನ್ಯ ಅಸೈನ್‌ಮೆಂಟ್. ಸಂದರ್ಶನಗಳನ್ನು ವಿಡಿಯೊ ಕರೆಯಲ್ಲಿ ಮಾಡಬಹುದು.

ಮನೆಯಿಂದಲೇ ಸಿಗುವ ದೊಡ್ಡ ದತ್ತಾಂಶಗಳೂ ಇವೆ. 1981ರಲ್ಲಿ ಆರಂಭವಾದ ವರ್ಲ್ಡ್ ವ್ಯಾಲ್ಯೂಸ್ ಸರ್ವೆ ಜಗತ್ತಿನ ಬಹಳಷ್ಟು ದೇಶಗಳಲ್ಲಿ ಜನರ ನಂಬಿಕೆ, ಧೋರಣೆಗಳನ್ನು ಕೇಳುತ್ತ ಬಂದಿದೆ. ಯುರೋಪಿಯನ್ ಸೋಷಿಯಲ್ ಸರ್ವೆ 2002ರಿಂದ ನಡೆಯುತ್ತಿದೆ. ವಿಶ್ವಬ್ಯಾಂಕ್ 2010ರಲ್ಲಿ ತನ್ನ ದತ್ತಾಂಶವನ್ನು ಎಲ್ಲರಿಗೂ ಉಚಿತವಾಗಿ ತೆರೆಯಿತು. ಪದವಿಯ ಕೊನೆಯ ವರ್ಷದ ಪ್ರಬಂಧವನ್ನು ಇವುಗಳಿಂದಲೇ ಪೂರ್ತಿ ಬರೆಯಬಹುದು.

ಪಕ್ಕದ ಮನೆಯವರನ್ನು ಮಾತಾಡಿಸಲೂ ಅನುಮತಿ ಬೇಕಂತೆ, ನಿಜವೇ?

ನಿಜ. ಅಧ್ಯಯನಕ್ಕಾಗಿ ಜನರಿಂದ ಮಾಹಿತಿ ಪಡೆಯುವಾಗ ವಿಶ್ವವಿದ್ಯಾಲಯದ ನೀತಿ ಸಮಿತಿಯ ಒಪ್ಪಿಗೆ ಬೇಕಾಗಬಹುದು. ತರಗತಿಯ ಸಣ್ಣ ಕೆಲಸಗಳಿಗೆ ಅಧ್ಯಾಪಕರೇ ಒಟ್ಟಾರೆ ಅನುಮತಿ ಪಡೆದಿರುತ್ತಾರೆ, ಆದರೂ ಕೇಳಿಕೊಳ್ಳಿ.

ಈ ನಿಯಮದ ಹಿಂದೆ ಕಹಿ ಇತಿಹಾಸವಿದೆ. 1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಆರಂಭಿಸಿದ ಪ್ರಯೋಗಗಳಲ್ಲಿ, ತಾವು ಇನ್ನೊಬ್ಬರಿಗೆ ವಿದ್ಯುತ್ ಆಘಾತ ಕೊಡುತ್ತಿದ್ದೇವೆ ಎಂದು ಭಾಗವಹಿಸಿದವರನ್ನು ನಂಬಿಸಲಾಗಿತ್ತು. ಆಘಾತ ಸುಳ್ಳು, ಅವರು ಪಟ್ಟ ಸಂಕಟ ನಿಜ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಕಪ್ಪು ಜನರಿಗೆ ನಿಜ ಹೇಳದೆ, ಚಿಕಿತ್ಸೆ ಕೊಡದೆ ರೋಗದ ಹಾದಿಯನ್ನು ಗಮನಿಸುತ್ತ ಹೋದರು. ಅದು ಬೆಳಕಿಗೆ ಬಂದ ಮೇಲೆ 1979ರಲ್ಲಿ ಬೆಲ್ಮಾಂಟ್ ವರದಿ ಬಂತು. ವ್ಯಕ್ತಿಗೆ ಗೌರವ, ಹಿತ, ನ್ಯಾಯ ಎಂಬ ಮೂರು ತತ್ವಗಳನ್ನು ಅದು ಮುಂದಿಟ್ಟಿತು.

ನೆರೆಯವರ ಸಂದರ್ಶನದಲ್ಲಿ ಆಘಾತದ ಮಾತಿಲ್ಲ, ಸರಿ. ಆದರೆ ಅವರು ಸಾಲದ ಬಗ್ಗೆಯೋ ದಾಂಪತ್ಯದ ಬಗ್ಗೆಯೋ ಹೇಳಿದ ಮಾತು ನಿಮ್ಮ ಪ್ರಬಂಧದಿಂದ ಹೊರಬಿದ್ದರೆ ಅವರು ಅದೇ ಬೀದಿಯಲ್ಲಿ ಬದುಕಬೇಕು. ನೀವಿರುವ ಜಾಗವೇ ಕ್ಷೇತ್ರವಾದಾಗ ಹೆಸರು ಬದಲಿಸಿದರೂ ಗುರುತು ಸಿಗುತ್ತದೆ. ಹಾಗಾಗಿ ಆನ್‌ಲೈನ್ ವಿದ್ಯಾರ್ಥಿಗಳೇ ಈ ವಿಷಯದಲ್ಲಿ ಹೆಚ್ಚು ಜಾಗ್ರತೆ ವಹಿಸಬೇಕು. ಗುಂಪಿನಲ್ಲಿ ಬಂದ ಸಂದೇಶಗಳನ್ನು ಕೇಳದೆ ಉಲ್ಲೇಖಿಸಬಾರದು.

ಪುಸ್ತಕಗಳು ಹೇಗೆ ಸಿಗುತ್ತವೆ?

ಗ್ರಂಥಾಲಯದ ಲಾಗಿನ್ ಮೂಲಕ. ಪ್ರವೇಶವಾದ ಕೂಡಲೇ ಅದನ್ನು ಸಕ್ರಿಯ ಮಾಡಿಕೊಳ್ಳಿ. 1995ರಲ್ಲಿ ಸ್ಥಾಪನೆಯಾದ ಜೆಸ್ಟೋರ್‌ನಂಥ ಸಂಗ್ರಹಗಳಲ್ಲಿ ಸಮಾಜ ವಿಜ್ಞಾನದ ನಿಯತಕಾಲಿಕೆಗಳ ಹಳೆಯ ಸಂಚಿಕೆಗಳು ಮೊದಲಿನಿಂದ ಸಿಗುತ್ತವೆ. ಲೇಖನವೊಂದು ಹಣ ಕೇಳಿದರೆ ಪಾವತಿಸಬೇಡಿ. ಗ್ರಂಥಾಲಯದ ಮೂಲಕ ಹೋಗಿ, ಅಲ್ಲೂ ಇಲ್ಲದಿದ್ದರೆ ಗ್ರಂಥಪಾಲಕರಿಗೆ ಬರೆಯಿರಿ. ಇನ್ನೊಂದು ಗ್ರಂಥಾಲಯದಿಂದ ತರಿಸಿಕೊಡುವ ವ್ಯವಸ್ಥೆ ಬಹಳ ಕಡೆ ಇದೆ, ದೂರದ ವಿದ್ಯಾರ್ಥಿಗಳು ಅದನ್ನು ಬಳಸುವುದೇ ಅಪರೂಪ.

ಪರೀಕ್ಷೆ ಹೇಗೆ ನಡೆಯುತ್ತದೆ?

ಸಮಾಜ ವಿಜ್ಞಾನದಲ್ಲಿ ಪ್ರಬಂಧ, ಪುಸ್ತಕ ತೆರೆದು ಬರೆಯುವ ಪರೀಕ್ಷೆ, ಸಣ್ಣ ಕ್ವಿಜ್, ಸಂಶೋಧನಾ ಯೋಜನೆಗಳದ್ದೇ ಹೆಚ್ಚಿನ ಪಾಲು. ಮನಶ್ಶಾಸ್ತ್ರ, ಅರ್ಥಶಾಸ್ತ್ರದ ಆರಂಭದ ದೊಡ್ಡ ಕೋರ್ಸ್‌ಗಳಲ್ಲಿ ವೆಬ್‌ಕ್ಯಾಮ್ ನಿಗಾ ಇಟ್ಟು ನಡೆಸುವ ಪರೀಕ್ಷೆ ಇರಬಹುದು. ಅಂಥದ್ದಿದ್ದರೆ ಕಂಪ್ಯೂಟರಿನ ಅಗತ್ಯಗಳನ್ನು ಮುಂಚೆಯೇ ತಿಳಿದುಕೊಂಡು ಅಭ್ಯಾಸದ ಪರೀಕ್ಷೆ ಒಮ್ಮೆ ಬರೆದು ನೋಡಿ. ನಡುವೆ ನೆಟ್ ಹೋದರೆ ಸಮಯ ಕಾಣುವಂತೆ ಪರದೆಯ ಫೋಟೊ ತೆಗೆದು ತಕ್ಷಣ ಮೇಲ್ ಮಾಡಿ.

ಚಾಟ್‌ಜಿಪಿಟಿಯಿಂದ ಪ್ರಬಂಧ ಬರೆಸಬಹುದೇ?

ಬೇಡ. 2022ರ ನವೆಂಬರಿನಲ್ಲಿ ಅದು ಬಂದ ಮೇಲೆ ಪ್ರತಿ ವಿಶ್ವವಿದ್ಯಾಲಯವೂ ತನ್ನದೇ ನಿಯಮ ಮಾಡಿಕೊಳ್ಳುತ್ತಿದೆ. ಕೆಲವು ಅಧ್ಯಾಪಕರು ವ್ಯಾಕರಣ ತಿದ್ದಲು, ವಿಚಾರ ಹುಡುಕಲು ಬಿಡುತ್ತಾರೆ, ಕೆಲವರು ಪೂರ್ತಿ ನಿಷೇಧಿಸುತ್ತಾರೆ. ಪಠ್ಯಕ್ರಮದ ಪತ್ರದಲ್ಲಿ ಬರೆದಿರುತ್ತದೆ, ಇಲ್ಲದಿದ್ದರೆ ಕೇಳಿ. ಇಂಥ ಯಂತ್ರಗಳು ಇಲ್ಲದ ಲೇಖನಗಳನ್ನು ಇರುವಂತೆ ಉಲ್ಲೇಖಿಸಿಬಿಡುತ್ತವೆ, ನಿಮ್ಮ ಗ್ರಂಥಸೂಚಿಯಲ್ಲಿ ಅದು ಕಂಡರೆ ಸಿಕ್ಕಿಬಿದ್ದಂತೆಯೇ. ನನಗೆ ಅದಕ್ಕಿಂತ ದೊಡ್ಡ ಕಾಳಜಿ ಬೇರೆ. ಸಮಾಜ ವಿಜ್ಞಾನದಲ್ಲಿ ಬರೆಯುವುದೇ ಯೋಚಿಸುವ ವಿಧಾನ. ಎರಡನೇ ಪ್ಯಾರಾ ಬರೆಯುವಾಗ ಮೊದಲನೆಯದು ಸುಳ್ಳೆಂದು ಹೊಳೆಯುತ್ತದೆ, ಆಗ ತಿದ್ದುತ್ತೀರಿ, ಅಲ್ಲಿ ಕಲಿಕೆ ನಡೆಯುತ್ತದೆ. ಆ ಭಾಗವನ್ನೇ ಬೇರೆಯವರಿಗೆ ಒಪ್ಪಿಸಿದರೆ ಕೋರ್ಸ್ ತೆಗೆದುಕೊಂಡು ಪ್ರಯೋಜನವಿಲ್ಲ.

ಗುಂಪು ಕೆಲಸದಲ್ಲಿ ಒಬ್ಬರೇ ದುಡಿಯುವಂತಾದರೆ?

ಮೊದಲ ಸಭೆಯಲ್ಲೇ ಯಾರು ಏನು, ಎಂದಿಗೆ ಎಂದು ಬರೆದಿಡಿ. ಹಂಚಿಕೊಂಡ ಕಡತದಲ್ಲಿ ಕೆಲಸ ಮಾಡಿ, ಯಾರು ಏನು ಬರೆದರು ಎಂಬ ಇತಿಹಾಸ ಅದರಲ್ಲಿ ಉಳಿಯುತ್ತದೆ. ಒಬ್ಬರು ಸಂಪೂರ್ಣ ಕಾಣೆಯಾದರೆ ಸಲ್ಲಿಕೆಯ ಹಿಂದಿನ ರಾತ್ರಿಯವರೆಗೆ ಕಾಯದೆ ಅಧ್ಯಾಪಕರಿಗೆ ಹೇಳಿ.

ಮೊಬೈಲ್ ಮಾತ್ರ ಇದೆ, ನೆಟ್ ನಿಧಾನ. ಸೇರಬಹುದೇ?

ಪಾಠ ನೋಡಲು, ಓದಲು, ಚರ್ಚೆಗೆ ಬರೆಯಲು ಮೊಬೈಲ್ ಸಾಕು. ಪ್ರಬಂಧಕ್ಕೆ ಮತ್ತು ಅಂಕಿಅಂಶ ತಂತ್ರಾಂಶಕ್ಕೆ ಕಂಪ್ಯೂಟರ್ ಬೇಕೇ ಬೇಕು, ಅದು ಹಳೆಯದಾದರೂ ಆದೀತು. ಗುಂಪಿನ ವಿಡಿಯೊ ಕರೆಗೆ ಗಂಟೆಗೆ ಒಂದು ಜಿಬಿ ಅಥವಾ ಇನ್ನೂ ಹೆಚ್ಚು ಡೇಟಾ ಹೋಗಬಹುದು. ನೆಟ್ ದುರ್ಬಲವಾಗಿರುವವರು ಲೈವ್ ಇಲ್ಲದ ಕೋರ್ಸ್ ಆರಿಸಿ, ರೆಕಾರ್ಡಿಂಗ್‌ಗಳನ್ನು ಕಡಿಮೆ ಗುಣಮಟ್ಟದಲ್ಲಿ ಇಳಿಸಿಕೊಳ್ಳಿ. ಲ್ಯಾಪ್‌ಟಾಪ್ ಎರವಲು ಕೊಡುವ ವಿಶ್ವವಿದ್ಯಾಲಯಗಳಿವೆ, ವಿಚಾರಿಸಲು ಸಂಕೋಚ ಬೇಡ.

ಕಣ್ಣು, ಕಿವಿಯ ತೊಂದರೆ ಇರುವವರಿಗೆ?

ವಿಡಿಯೊಗಳಿಗೆ ಅಡಿಬರಹ, ಸ್ಕ್ರೀನ್ ರೀಡರ್ ಓದಬಲ್ಲ ಕಡತಗಳು, ಪರೀಕ್ಷೆಗೆ ಹೆಚ್ಚುವರಿ ಸಮಯ ಇವುಗಳನ್ನು ಕೇಳುವ ಹಕ್ಕು ನಿಮಗಿದೆ ಎಂದೇ ತಿಳಿದು ನಡೆಯಿರಿ. ವಿಶ್ವವಿದ್ಯಾಲಯದ ಅಂಗವಿಕಲ ಸೇವಾ ಕಚೇರಿಗೆ ಕೋರ್ಸ್ ಶುರುವಾಗುವ ಕೆಲವು ವಾರ ಮೊದಲೇ ಬರೆಯಿರಿ. ಸ್ಕ್ಯಾನ್ ಮಾಡಿದ ಹಳೆಯ ಅಧ್ಯಾಯಗಳನ್ನು ಸ್ಕ್ರೀನ್ ರೀಡರ್ ಓದುವುದಿಲ್ಲ, ಅವನ್ನು ಪರಿವರ್ತಿಸಲು ಸಮಯ ಹಿಡಿಯುತ್ತದೆ.

ಈ ಪದವಿಗೆ ಬೆಲೆ ಇದೆಯೇ? ಕೋರ್ಸೆರಾದ ಸರ್ಟಿಫಿಕೇಟಿಗೂ ಇದಕ್ಕೂ ಏನು ವ್ಯತ್ಯಾಸ?

ದೂರದಿಂದ ಓದಿ ಪದವಿ ಪಡೆಯುವುದು ಹೊಸದಲ್ಲ. ಲಂಡನ್ ವಿಶ್ವವಿದ್ಯಾಲಯ 1858ರಲ್ಲೇ ತನ್ನ ಪದವಿ ಪರೀಕ್ಷೆಗಳನ್ನು ಹೊರಗಿನವರಿಗೆ ತೆರೆಯಿತು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1969ರಲ್ಲಿ ಸ್ಥಾಪನೆಯಾಗಿ 1971ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ತೆಗೆದುಕೊಂಡಿತು, ಬಿಬಿಸಿ ಪ್ರಸಾರದ ಮೂಲಕ ಪಾಠ ತಲುಪಿಸಿತು. ಭಾರತದಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ 1985ರಲ್ಲಿ ಆರಂಭವಾಯಿತು.

ಯಾರು ಬೇಕಾದರೂ ಸೇರಬಹುದಾದ ಆನ್‌ಲೈನ್ ಕೋರ್ಸ್‌ಗಳ ತಾಣಗಳಾದ ಕೋರ್ಸೆರಾ, ಎಡೆಕ್ಸ್ ಎರಡೂ 2012ರಲ್ಲಿ ಬಂದವು. ಅಲ್ಲಿನ ಬಹುಪಾಲು ಕೋರ್ಸ್‌ಗಳ ಸರ್ಟಿಫಿಕೇಟ್ ಕಲಿತದ್ದಕ್ಕೆ ಪುರಾವೆಯೇ ಹೊರತು ಪದವಿಯ ಕ್ರೆಡಿಟ್ ಅಲ್ಲ. ಸೇರುವ ಮುಂಚಿನ ರುಚಿಗೆ ಅವು ಬಹಳ ಒಳ್ಳೆಯವು. ಪದವಿಗೆ ಬೆಲೆ ಬರುವುದು ಮಾನ್ಯತೆಯಿಂದ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದೆಯೇ, ಆನ್‌ಲೈನ್ ವಿಧಾನಕ್ಕೂ ಅದು ಅನ್ವಯಿಸುತ್ತದೆಯೇ ಎಂಬುದನ್ನು ಮಾನ್ಯತೆ ಕೊಡುವ ಸಂಸ್ಥೆಯ ತಾಣದಲ್ಲೇ ನೋಡಿ, ಜಾಹೀರಾತನ್ನು ನಂಬಬೇಡಿ. ಇನ್ನೊಂದು ವಿಶ್ವವಿದ್ಯಾಲಯಕ್ಕೆ ಕ್ರೆಡಿಟ್ ಒಯ್ಯುವ ಯೋಚನೆಯಿದ್ದರೆ, ಅವರು ಒಪ್ಪುತ್ತಾರೆಂದು ಮೊದಲೇ ಬರಹದಲ್ಲಿ ಪಡೆದುಕೊಳ್ಳಿ. ಸಲಹಾ ಮನಶ್ಶಾಸ್ತ್ರ, ಸಮಾಜಕಾರ್ಯದಂಥ ಪರವಾನಗಿ ಬೇಕಾದ ವೃತ್ತಿಗಳಿಗೆ ಪದವಿ ಮಾತ್ರ ಸಾಲದೆ ಪ್ರತ್ಯಕ್ಷ ತರಬೇತಿಯೂ ಬೇಕಾಗಬಹುದು. ಆ ನಿಯಮ ದೇಶದಿಂದ ದೇಶಕ್ಕೆ ಬೇರೆ.

ಅಧ್ಯಾಪಕರಿಗೆ ನನ್ನ ಪರಿಚಯವೇ ಇರುವುದಿಲ್ಲ. ಮುಂದೆ ಶಿಫಾರಸು ಪತ್ರ ಯಾರು ಕೊಡುತ್ತಾರೆ?

ಪರಿಚಯ ನೀವು ಮಾಡಿಕೊಳ್ಳಬೇಕು. ಭೇಟಿಗೆಂದು ಮೀಸಲಿಟ್ಟ ಹೊತ್ತಿನಲ್ಲಿ ವಿಡಿಯೊ ಕರೆಗೆ ಹೋಗಿ, ಓದಿನ ಬಗ್ಗೆ ಒಂದು ನಿಜವಾದ ಪ್ರಶ್ನೆ ಹಿಡಿದು ಹೋಗಿ. ಆ ಹೊತ್ತಿಗೆ ಬರುವ ವಿದ್ಯಾರ್ಥಿಗಳು ಬಹಳ ಕಡಿಮೆ, ಹಾಗಾಗಿ ಬಂದವರು ನೆನಪಿನಲ್ಲಿ ಉಳಿಯುತ್ತಾರೆ. ಒಬ್ಬರ ಬಳಿಯೇ ಎರಡು ಕೋರ್ಸ್ ಮಾಡಿ. ನಿಮ್ಮ ಉತ್ತಮ ಪ್ರಬಂಧಗಳನ್ನು ಅವರ ಟಿಪ್ಪಣಿಗಳ ಸಮೇತ ಇಟ್ಟುಕೊಳ್ಳಿ. ಪತ್ರ ಕೇಳುವಾಗ ಜೊತೆಗೆ ಕಳಿಸಿದರೆ ಅವರಿಗೆ ಬರೆಯಲು ವಿಷಯ ಸಿಗುತ್ತದೆ.

ಹಿಂದೆ ಬಿದ್ದರೆ, ಅಥವಾ ಇದು ನನ್ನಿಂದಾಗದು ಅನಿಸಿದರೆ?

ಹಿಂದೆ ಬಿದ್ದ ಮೊದಲ ವಾರವೇ ಅಧ್ಯಾಪಕರಿಗೆ ಎರಡು ಸಾಲು ಬರೆಯಿರಿ. ನಾಚಿಕೆಯಿಂದ ಮೌನವಾಗುವವರೇ ಹೆಚ್ಚು ನಷ್ಟಕ್ಕೆ ಒಳಗಾಗುತ್ತಾರೆ, ಏಕೆಂದರೆ ಕ್ಯಾಂಪಸ್ಸಿನಲ್ಲಿ ಖಾಲಿ ಕುರ್ಚಿ ಕಾಣುತ್ತದೆ, ಇಲ್ಲಿ ನೀವು ಹೇಳದೆ ಯಾರಿಗೂ ಗೊತ್ತಾಗುವುದಿಲ್ಲ. ಬಿಟ್ಟ ಕೆಲಸಗಳನ್ನೆಲ್ಲ ಮುಗಿಸಿ ಮುಂದೆ ಹೋಗಲು ಹೊರಡಬೇಡಿ. ಈ ವಾರದ ಕೆಲಸವನ್ನು ಈ ವಾರ ಮಾಡಿ, ಹಳೆಯದನ್ನು ಒಂದೊಂದಾಗಿ ಸೇರಿಸಿಕೊಳ್ಳಿ.

ಕೋರ್ಸ್ ಬಿಡಬೇಕಾಗಿ ಬಂದರೆ ಎರಡು ದಿನಾಂಕಗಳನ್ನು ನೋಡಿ: ಶುಲ್ಕ ಹಿಂತಿರುಗುವ ಕೊನೆಯ ದಿನ, ಅಂಕಪಟ್ಟಿಯಲ್ಲಿ ಅನುತ್ತೀರ್ಣ ಎಂದು ಬೀಳದಂತೆ ಹೊರಬರುವ ಕೊನೆಯ ದಿನ. ಮೊದಲನೆಯದು ಸಾಮಾನ್ಯವಾಗಿ ಆರಂಭದ ಒಂದೆರಡು ವಾರಗಳಲ್ಲೇ ಮುಗಿಯುತ್ತದೆ, ಎರಡನೆಯದಕ್ಕೆ ಇನ್ನಷ್ಟು ಕಾಲಾವಕಾಶವಿರುತ್ತದೆ. ವಿದ್ಯಾರ್ಥಿವೇತನ ಪಡೆಯುತ್ತಿದ್ದರೆ ಬಿಡುವ ಮೊದಲು ಆ ಕಚೇರಿಯನ್ನು ಕೇಳಿ, ಕನಿಷ್ಠ ಕ್ರೆಡಿಟ್‌ಗಿಂತ ಕೆಳಗೆ ಹೋದರೆ ಹಣ ನಿಲ್ಲಬಹುದು. ಸುಮ್ಮನೆ ಲಾಗಿನ್ ಆಗುವುದನ್ನು ನಿಲ್ಲಿಸಿದರೆ ಕೋರ್ಸ್ ಬಿಟ್ಟಂತಾಗುವುದಿಲ್ಲ; ಅರ್ಜಿ ಸಲ್ಲಿಸಿ, ಅದು ತಲುಪಿತು ಎಂಬ ಉತ್ತರ ಬರುವವರೆಗೆ ನೀವು ಆ ಕೋರ್ಸಿನ ವಿದ್ಯಾರ್ಥಿಯೇ.